ರಾತ್ರಿ ಒಂಬತ್ತರ ನ್ಯಾಯಾಲಯದಲ್ಲಿ ಆರೋಪಿ ಒಬ್ಬನೇ

ಬಡ ಯುವಕನೊಬ್ಬ ಟ್ಯಾಕ್ಸಿಯನ್ನೋ ಸರಕು ಸಾಗಿಸುವ ಟೆಂಪೋವನ್ನೋ ಕೊಳ್ಳಲು ಸರಕಾರ ಒಂದಿಷ್ಟು ಸಹಾಯಧನ ನೀಡಿದರೆ ಈ ದೇಶಕ್ಕೆ ಯಾವ ಅಪಾಯ ಒದಗೀತು? 2023ರ ಸೆಪ್ಟೆಂಬರ್ 11ರ ರಾತ್ರಿ ‘ಆಜ್ ತಕ್’ ಹಿಂದಿ ವಾಹಿನಿಯ ಮುಂದೆ ಕುಳಿತಿದ್ದವರಿಗೆ ಭಾರೀ ಅಪಾಯವೇ ಒದಗಿದೆ ಎಂದು ಅನಿಸಿದ್ದರೆ ಆಶ್ಚರ್ಯವಿಲ್ಲ. ಆ ರಾತ್ರಿ ‘ಬ್ಲ್ಯಾಕ್ ಆ್ಯಂಡ್ ವೈಟ್’ ಕಾರ್ಯಕ್ರಮದಲ್ಲಿ ನಿರೂಪಕ ಸುಧೀರ್ ಚೌಧರಿಯವರು ಕರ್ನಾಟಕದ ‘ಸ್ವಾವಲಂಬಿ ಸಾರಥಿ’ ಯೋಜನೆಯನ್ನು ಎತ್ತಿಕೊಂಡರು. ವಾಣಿಜ್ಯ ವಾಹನ ಖರೀದಿಗೆ ಶೇ. 50ರಷ್ಟು, ಗರಿಷ್ಠ 3 ಲಕ್ಷ ರೂಪಾಯಿ ಸಹಾಯಧನ ಕೊಡುವ ಈ ಯೋಜನೆ ಅಲ್ಪಸಂಖ್ಯಾತರಿಗೆ ಮಾತ್ರ ಮೀಸಲು, ಹಿಂದೂ ಬಡವನಿಗೆ ಇದರಲ್ಲಿ ಪಾಲಿಲ್ಲ ಎಂಬ ಸಂದೇಶ ಆ ಕಾರ್ಯಕ್ರಮದಿಂದ ದೇಶವಿಡೀ ಹರಡಿತು.

ನಿಜ ಸಂಗತಿ ಬೇರೆಯೇ ಇತ್ತು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಹಿಂದುಳಿದ ವರ್ಗಗಳಿಗೂ ಅವರವರ ಅಭಿವೃದ್ಧಿ ನಿಗಮಗಳ ಮೂಲಕ ಇಂತಹ ಸಹಾಯಧನ ದೊರೆಯುತ್ತಿತ್ತು. ವಾಹಿನಿ ತೋರಿಸಿದ್ದು ಅಲ್ಪಸಂಖ್ಯಾತರ ನಿಗಮ ತನ್ನ ಪಾಲಿನ ಅರ್ಜಿಗಳನ್ನು ಕರೆದು ಹೊರಡಿಸಿದ ಜಾಹೀರಾತನ್ನು. ತಾಲೂಕು ಕಚೇರಿಯ ಒಂದು ಕೊಠಡಿಯ ಬಾಗಿಲಿಗೆ ಅಂಟಿಸಿದ ನೋಟೀಸನ್ನು ಓದಿ, ಇಡೀ ಕಟ್ಟಡದಲ್ಲಿ ಇರುವುದು ಇದೊಂದೇ ಕೊಠಡಿ ಎಂದು ಊರಿಗೆ ಸಾರಿದರೆ ಹೇಗಿರುತ್ತದೆಯೋ ಹಾಗೆ. ನಿಗಮದ ಅಧಿಕಾರಿಯ ದೂರಿನ ಮೇರೆಗೆ ಬೆಂಗಳೂರಿನ ಶೇಷಾದ್ರಿಪುರಂ ಠಾಣೆಯಲ್ಲಿ ಮೊಕದ್ದಮೆ ದಾಖಲಾಯಿತು. ಅದನ್ನು ರದ್ದುಪಡಿಸಲು ಕೋರಿದಾಗ ರಾಜ್ಯ ಹೈಕೋರ್ಟ್, ನಿರೂಪಕರ ವಿರುದ್ಧ ಅವಸರದ ಕ್ರಮ ಬೇಡವೆನ್ನುತ್ತಲೇ, ಮೇಲ್ನೋಟಕ್ಕೆ ತನಿಖೆಗೆ ಅರ್ಹವಾದ ಪ್ರಕರಣವಿದೆ ಎಂದು ಮೌಖಿಕವಾಗಿ ಅಭಿಪ್ರಾಯಪಟ್ಟಿತು. ಅದು ನ್ಯಾಯಾಲಯಕ್ಕೆ ಬಿಟ್ಟ ವಿಷಯ. ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ಆ ರಾತ್ರಿ ಅದನ್ನು ನೋಡಿದ ಲಕ್ಷಾಂತರ ಮಂದಿಯಲ್ಲಿ ಎಷ್ಟು ಜನರಿಗೆ ನಿಜ ಸಂಗತಿ ಮರುದಿನವಾದರೂ ತಲುಪಿತು? ಕುದ್ರೋಳಿಯಲ್ಲೋ ಜೋಕಟ್ಟೆಯಲ್ಲೋ ಸಾಲದ ಟೆಂಪೋ ಓಡಿಸಿ ಮನೆ ನಡೆಸುವ ಯುವಕನನ್ನು, ತನ್ನ ಪಾಲಿನ ರೊಟ್ಟಿಯನ್ನು ಕಿತ್ತುಕೊಂಡವನೆಂದು ನೆರೆಮನೆಯ ಟೆಂಪೋ ಚಾಲಕ ನೋಡತೊಡಗಿದರೆ, ಆ ನೋಟವನ್ನು ಯಾವ ನ್ಯಾಯಾಲಯ ರದ್ದುಪಡಿಸೀತು?

ಟಿ.ವಿ. ವಾಹಿನಿಗಳು ಪಕ್ಷಪಾತಿಗಳು ಎಂದು ದೂರುವುದು ನಮ್ಮ ಸಮುದಾಯದಲ್ಲಿ ಈಗ ಹವಾಮಾನದ ಕುರಿತು ಮಾತನಾಡಿದಷ್ಟೇ ಸಹಜವಾಗಿಬಿಟ್ಟಿದೆ. ಮದುವೆ ಮನೆಯಲ್ಲೂ ಮಸೀದಿಯ ಅಂಗಳದಲ್ಲೂ ಅದೇ ಮಾತು. ಆದರೆ ಆ ಪಕ್ಷಪಾತ ಇರುವುದೆಲ್ಲಿ, ಅದು ಕೆಲಸ ಮಾಡುವುದು ಹೇಗೆ, ಅದನ್ನು ಯಾರ ಮುಂದೆ ಹೇಗೆ ಸಾಬೀತುಪಡಿಸಬೇಕು ಎಂಬ ವಿಷಯಕ್ಕೆ ಬಂದಾಗ ನಮ್ಮಲ್ಲಿ ಹೆಚ್ಚಿನವರು ಮೌನಿಗಳಾಗುತ್ತಾರೆ.

ಹಸಿ ಸುಳ್ಳು ಹೇಳಿದರೆ ಸಿಕ್ಕಿಬೀಳುವ ಭಯ ವಾಹಿನಿಗಳಿಗೂ ಇದೆ. ಆದ್ದರಿಂದ ಅವು ಸಾಮಾನ್ಯವಾಗಿ ಹೇಳುವುದಿಲ್ಲ, ಕೇಳುತ್ತವೆ. ತಬ್ಲೀಗ್ ಜಮಾಅತ್ ದೇಶಕ್ಕೆ ಉದ್ದೇಶಪೂರ್ವಕ ದ್ರೋಹ ಬಗೆಯುತ್ತಿದೆಯೇ? ಅಲ್ಪಸಂಖ್ಯಾತರ ಓಲೈಕೆಗೆ ಮಿತಿಯಿಲ್ಲವೇ? ಪರದೆಯ ಕೆಳಗೆ ಕೆಂಪು ಅಕ್ಷರಗಳಲ್ಲಿ ಓಡುವ ಈ ವಾಕ್ಯಗಳ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯೇನೋ ಇರುತ್ತದೆ, ಆದರೆ ಅದು ವಕೀಲರಿಗಾಗಿ ಇಟ್ಟದ್ದು. ವೀಕ್ಷಕನಿಗೆ ತೀರ್ಪು ವಾಕ್ಯದೊಳಗೇ ಸಿಕ್ಕಿರುತ್ತದೆ. ಮುಂದಿನ ಒಂದು ಗಂಟೆಯ ಗದ್ದಲ ಆ ತೀರ್ಪಿಗೆ ಸಾಕ್ಷಿ ಹೊಂದಿಸುವ ಕಸರತ್ತು ಮಾತ್ರ.

ಚೌಧರಿಯವರ ರಾತ್ರಿ ಒಂಬತ್ತರ ಕಾರ್ಯಕ್ರಮದ ಚರಿತ್ರೆಯನ್ನೇ ನೋಡಿ. ಅವರು ‘ಆಜ್ ತಕ್’ಗೆ ಬಂದದ್ದು 2022ರಲ್ಲಿ. ಅದಕ್ಕಿಂತ ಮೊದಲು ಹಲವು ವರ್ಷ ‘ಝೀ ನ್ಯೂಸ್’ನಲ್ಲಿ ‘ಡಿಎನ್‌ಎ’ ಎಂಬ ಕಾರ್ಯಕ್ರಮ ನಡೆಸಿದ್ದರು. 2020ರ ಮಾರ್ಚ್ 11ರಂದು ಆ ಕಾರ್ಯಕ್ರಮದಲ್ಲಿ ಜಿಹಾದಿನ ವಿಧಗಳನ್ನು ಕೊಂಬೆರೆಂಬೆಗಳಾಗಿ ಬಿಡಿಸಿದ ನಕ್ಷೆಯೊಂದು ಪ್ರತ್ಯಕ್ಷವಾಯಿತು. ಭೂಮಿ ಕೊಂಡರೆ ಅದೊಂದು ಜಿಹಾದ್, ಓದಿದರೆ ಮತ್ತೊಂದು, ಮಕ್ಕಳನ್ನು ಹೆತ್ತರೆ ಇನ್ನೊಂದು. ಮುಸ್ಲಿಮನೊಬ್ಬ ಉಸಿರಾಡುವುದೊಂದೇ ಆ ನಕ್ಷೆಯಲ್ಲಿ ಜಾಗ ಪಡೆಯದೆ ಉಳಿದದ್ದು. ಕೇರಳದಲ್ಲಿ ಅದರ ಮೇಲೆ ಮೊಕದ್ದಮೆ ದಾಖಲಾದಾಗ, ಅದು ತನಗೆ ದೊರೆತ ಪುಲಿಟ್ಜರ್ ಪ್ರಶಸ್ತಿ ಎಂಬರ್ಥದಲ್ಲಿ ಅವರು ಬರೆದುಕೊಂಡರು. ಇದೇ ‘ಝೀ ನ್ಯೂಸ್’ 2016ರ ಮಾರ್ಚ್‌ನಲ್ಲಿ ದಿಲ್ಲಿಯ ಮುಶಾಯಿರಾ ಒಂದರಲ್ಲಿ ಕವನ ಓದಿದ ವಿಜ್ಞಾನಿ, ಕವಿ ಗೌಹರ್ ರಝಾರನ್ನು ಅಫ್ಝಲ್ ಪ್ರೇಮಿಗಳ ಗುಂಪಿಗೆ ಸೇರಿಸಿತ್ತು. ವಾಹಿನಿಗಳ ಸ್ವನಿಯಂತ್ರಣ ಪ್ರಾಧಿಕಾರವಾದ ಎನ್‌ಬಿಎಸ್‌ಎ 2017ರಲ್ಲಿ ವಾಹಿನಿಗೆ 1 ಲಕ್ಷ ರೂಪಾಯಿ ದಂಡ ವಿಧಿಸಿ ಕ್ಷಮೆ ಯಾಚಿಸುವಂತೆ ಆದೇಶಿಸಿತು. ಇಷ್ಟೆಲ್ಲ ಆದ ಬಳಿಕ ಚೌಧರಿಯವರಿಗೆ ಬಾಗಿಲುಗಳು ಮುಚ್ಚಿದವೇ? 2025ರ ಮೇ ತಿಂಗಳಿಂದ ಅವರು ‘ಡಿಕೋಡ್’ ಎಂಬ ಕಾರ್ಯಕ್ರಮದೊಂದಿಗೆ ಡಿ.ಡಿ. ನ್ಯೂಸ್‌ನಲ್ಲಿ, ಅರ್ಥಾತ್ ಸಾರ್ವಜನಿಕ ಹಣದಿಂದ ನಡೆಯುವ ದೂರದರ್ಶನದಲ್ಲಿ ಕಾಣಿಸಿಕೊಂಡರು. ಇದಕ್ಕೆ ವರ್ಷಕ್ಕೆ 15 ಕೋಟಿ ರೂಪಾಯಿಯ ಒಪ್ಪಂದವಾಗಿದೆಯೆಂದು ವರದಿಯಾಯಿತು. ಖಾಸಗಿ ವಾಹಿನಿಯ ಧಣಿಯ ಹಣ ಅವನ ಇಷ್ಟ ಎನ್ನಬಹುದು. ಇದಾದರೋ ಬಂದರಿನ ಹಮಾಲಿಯೂ ಬೆಂಕಿಪೊಟ್ಟಣ ಕೊಂಡಾಗ ತೆತ್ತ ತೆರಿಗೆಯ ಹಣ.

ಹಿಂದಿ ವಾಹಿನಿ ನಮ್ಮ ಕರಾವಳಿಯ ಮನೆಗಳಲ್ಲಿ ಯಾರು ನೋಡುತ್ತಾರೆ ಎಂದು ಕೆಲವರು ಕೇಳಬಹುದು. ಸರಿಯಾದ ಪ್ರಶ್ನೆಯೇ. ಕನ್ನಡದ ವಾಹಿನಿಗಳ ಬಳಿಗೆ ಬರೋಣ.

2020ರ ಎಪ್ರಿಲ್ ತಿಂಗಳನ್ನು ನೆನಪಿಸಿಕೊಳ್ಳಿ. ಲಾಕ್‌ಡೌನ್‌ನಿಂದಾಗಿ ಊರಿಗೆ ಊರೇ ಮನೆಯೊಳಗೆ ಕುಳಿತಿತ್ತು. ಹೊರಜಗತ್ತಿಗೆ ಟಿ.ವಿ.ಯೇ ಕಿಟಕಿ. ದಿಲ್ಲಿಯ ನಿಝಾಮುದ್ದೀನ್ ಮರ್ಕಝ್‌ನಲ್ಲಿ ತಬ್ಲೀಗ್ ಜಮಾಅತ್‌ನವರು ಸೇರಿದ್ದ ಸುದ್ದಿ ಆಗಷ್ಟೇ ಹೊರಬಿದ್ದಿತ್ತು. ಸೋಂಕು ಹರಡುತ್ತಿರುವ ಸೂಚನೆಯಿದ್ದಾಗ ಅಷ್ಟೊಂದು ಮಂದಿ ಒಂದೆಡೆ ಉಳಿದದ್ದು ವಿವೇಕದ ನಡೆಯಾಗಿರಲಿಲ್ಲ. ಸಾಂಕ್ರಾಮಿಕ ರೋಗವಿರುವ ಊರಿನ ವಿಷಯದಲ್ಲಿ ಪ್ರವಾದಿ(ಸ)ಯವರ ಸ್ಪಷ್ಟ ನಿರ್ದೇಶನವನ್ನು ಹೊಂದಿರುವ ಸಮುದಾಯಕ್ಕೆ ಇದನ್ನು ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ. ಅದೇ ತಿಂಗಳು ಬೆಂಗಳೂರಿನ ಸಾದಿಕ್ ಲೇಔಟ್‌ನಲ್ಲಿ ಆಶಾ ಕಾರ್ಯಕರ್ತೆಯರ ಮೇಲೆ, ಪಾದರಾಯನಪುರದಲ್ಲಿ ಆರೋಗ್ಯ ಸಿಬ್ಬಂದಿಯ ಮೇಲೆ ಎರಗಿದವರ ಕೃತ್ಯವನ್ನು ಸಮರ್ಥಿಸುವ ಮಾತೇ ಇಲ್ಲ. ಇವನ್ನು ವರದಿ ಮಾಡುವುದು ಪತ್ರಕರ್ತರ ಕರ್ತವ್ಯವಾಗಿತ್ತು. ಆದರೆ ನಡೆದದ್ದು ವರದಿಯೇ?

ಎಪ್ರಿಲ್ 1ರಂದು ‘ನ್ಯೂಸ್ 18 ಕನ್ನಡ’ ವಾಹಿನಿ, ದೇಶಕ್ಕೆಲ್ಲ ಕೊರೋನ ಹರಡಲು ದಿಲ್ಲಿಯ ಮರ್ಕಝ್ ಹೇಗೆ ಕಾರಣವಾಯಿತು ಎಂಬ ಕಾರ್ಯಕ್ರಮವನ್ನೂ, ಕರ್ನಾಟಕದಿಂದ ಅಲ್ಲಿಗೆ ಹೋದವರೆಷ್ಟು ಎಂಬ ಕಾರ್ಯಕ್ರಮವನ್ನೂ ಪ್ರಸಾರ ಮಾಡಿತು. ‘ಸುವರ್ಣ ನ್ಯೂಸ್’ ಮಾರ್ಚ್ 31ರಿಂದ ಕೆಲವು ದಿನ ಅದೇ ರಾಗ ಹಾಡಿತು. ಈ ಕಾರ್ಯಕ್ರಮಗಳ ಬಗ್ಗೆ ನಮ್ಮ ಅಭಿಪ್ರಾಯ ಬದಿಗಿರಲಿ. 2021ರ ಜೂನ್ 16ರಂದು, ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಕೆ. ಸಿಕ್ರಿಯವರ ಅಧ್ಯಕ್ಷತೆಯ ಎನ್‌ಬಿಎಸ್‌ಎ ಏನು ಹೇಳಿತೆಂಬುದನ್ನು ಗಮನಿಸಿ. ‘ನ್ಯೂಸ್ 18 ಕನ್ನಡ’ದ ಕಾರ್ಯಕ್ರಮಗಳು ಬರೀ ಊಹೆಯ ಮೇಲೆ ನಿಂತಿದ್ದವು, ಅವುಗಳ ಭಾಷೆ ಮತ್ತು ಧಾಟಿ ಒರಟು ಹಾಗೂ ಪೂರ್ವಗ್ರಹಪೀಡಿತವಾಗಿತ್ತು, ಸಮುದಾಯಗಳ ನಡುವೆ ದ್ವೇಷ ಕೆರಳಿಸುವಂತಿತ್ತು ಎಂಬುದು ಅದರ ನಿರ್ಣಯದ ಸಾರ. ಆ ವಾಹಿನಿಗೆ 1 ಲಕ್ಷ ರೂಪಾಯಿ ದಂಡ, ಜೂನ್ 23ರ ರಾತ್ರಿ ಒಂಬತ್ತರ ವಾರ್ತೆಗೆ ಮೊದಲು ಕ್ಷಮಾಪಣೆ. ‘ಸುವರ್ಣ ನ್ಯೂಸ್’ಗೆ 50 ಸಾವಿರ ರೂಪಾಯಿ ದಂಡ. ಇಂಗ್ಲಿಷಿನ ‘ಟೈಮ್ಸ್ ನೌ’ಗೆ ಛೀಮಾರಿ.

ಇದನ್ನು ಓದಿ ಸಂತೋಷಪಡುವ ಮೊದಲು ಲೆಕ್ಕ ಹಾಕಿ ನೋಡಿ. ಪ್ರಸಾರವಾದದ್ದು 2020ರ ಎಪ್ರಿಲ್‌ನಲ್ಲಿ, ತೀರ್ಪು ಬಂದದ್ದು 2021ರ ಜೂನ್‌ನಲ್ಲಿ. ನಡುವೆ ಹದಿನಾಲ್ಕು ತಿಂಗಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಆ ಕಾರ್ಯಕ್ರಮಗಳು ಪ್ರಸಾರವಾದ ಕೆಲವೇ ದಿನಗಳಲ್ಲಿ ಮಂಗಳೂರಿನ ಹೊರವಲಯದಲ್ಲಿ, ಕೊರೋನ ತೊಲಗುವವರೆಗೆ ಮುಸ್ಲಿಮ್ ವ್ಯಾಪಾರಿಗಳಿಗೆ ಊರಿನೊಳಗೆ ಪ್ರವೇಶವಿಲ್ಲವೆಂಬ ಫಲಕಗಳು ಎದ್ದಿದ್ದವು. ದಂಡದ ಮೊತ್ತ ಪ್ರಸಾರಕರ ಸಂಘಕ್ಕೆ ಸಂದಾಯವಾಗುತ್ತದೆ. ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರುವವನಿಗೆ, ಗಾಡಿಯಲ್ಲಿ ಹಣ್ಣು ತಂದು ಮಾರದೆ ಹಿಂದಿರುಗಿದವನಿಗೆ ಅದರಲ್ಲಿ ಒಂದು ಬಿಡಿಗಾಸೂ ಇಲ್ಲ. ಆ ದಿನಗಳಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರು, ಎಲ್ಲೋ ನಡೆದ ಒಂದು ಘಟನೆಗಾಗಿ ಇಡೀ ಮುಸ್ಲಿಮ್ ಸಮುದಾಯವನ್ನು ದೂಷಿಸಿದರೆ ಕ್ರಮ ಕೈಗೊಳ್ಳುವುದಾಗಿ ಎಚ್ಚರಿಸಿದ್ದರು. ಬಿಜೆಪಿಯ ಮುಖ್ಯಮಂತ್ರಿಯೇ ಅಂತಹ ಮಾತು ಹೇಳಬೇಕಾಗಿ ಬಂತೆಂದರೆ ವಾತಾವರಣ ಎಲ್ಲಿಗೆ ಮುಟ್ಟಿತ್ತೆಂದು ಊಹಿಸಬಹುದು.

ಮತ್ತು ನ್ಯಾಯಾಲಯಗಳು? 2020ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ತಬ್ಲೀಗ್‌ನ ವಿದೇಶಿ ಸದಸ್ಯರ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸುತ್ತಾ, ಅವರನ್ನು ಬಲಿಪಶುಗಳನ್ನಾಗಿ ಮಾಡಲಾಯಿತೆಂದೂ ಮಾಧ್ಯಮಗಳಲ್ಲಿ ಭಾರೀ ಅಪಪ್ರಚಾರ ನಡೆಯಿತೆಂದೂ ಹೇಳಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ದಿಲ್ಲಿಯ ನ್ಯಾಯಾಲಯ 36 ವಿದೇಶೀಯರನ್ನು ಖುಲಾಸೆಗೊಳಿಸಿತು. 2025ರ ಜುಲೈಯಲ್ಲಿ ದಿಲ್ಲಿ ಹೈಕೋರ್ಟ್ 70 ಮಂದಿ ಭಾರತೀಯರ ಮೇಲಿದ್ದ 16 ಪ್ರಕರಣಗಳ ದೋಷಾರೋಪ ಪಟ್ಟಿಗಳನ್ನು ರದ್ದುಪಡಿಸಿತು. ಐದು ವರ್ಷಗಳ ಬಳಿಕ ಬಂದ ಆ ತೀರ್ಪಿನ ರಾತ್ರಿ ಒಂಬತ್ತು ಗಂಟೆಗೆ, ನಾವು ತಪ್ಪು ಹೇಳಿದ್ದೆವೇ ಎಂಬ ಶೀರ್ಷಿಕೆಯಲ್ಲಿ ಒಂದು ಗಂಟೆಯ ಚರ್ಚೆ ನಡೆಸಿದ ವಾಹಿನಿ ಯಾವುದಾದರೂ ಇದ್ದರೆ ಓದುಗರು ನಮಗೆ ತಿಳಿಸಲಿ.

ಮಂಗಳೂರಿಗರಿಗೆ ಇದು ಹೊಸ ಅನುಭವವೇನಲ್ಲ. 2019ರ ಡಿಸೆಂಬರ್ 19ರ ಪೊಲೀಸ್ ಗೋಲಿಬಾರಿನಲ್ಲಿ ನಗರದ ಇಬ್ಬರು ಪ್ರಾಣ ಕಳೆದುಕೊಂಡರು. ಮರುದಿನ ವೆನ್ಲಾಕ್ ಆಸ್ಪತ್ರೆಯ ಬಳಿ ವರದಿಗೆ ಬಂದಿದ್ದ ಕೇರಳದ ಟಿ.ವಿ. ಪತ್ರಕರ್ತರನ್ನು ಪೊಲೀಸರು ಗಂಟೆಗಟ್ಟಲೆ ವಶದಲ್ಲಿಟ್ಟು ತಲಪಾಡಿ ಗಡಿಯಾಚೆ ಬಿಟ್ಟರು. ಏಷ್ಯಾನೆಟ್, ಮೀಡಿಯಾ ಒನ್ ಮುಂತಾದ ಹೆಸರಾಂತ ವಾಹಿನಿಗಳ ಆ ಪತ್ರಕರ್ತರನ್ನು ಕೆಲವು ಸುದ್ದಿ ವಾಹಿನಿಗಳು ‘ನಕಲಿ ಪತ್ರಕರ್ತರು’ ಎಂದು ಬಿತ್ತರಿಸಿದವು. ಸಹೋದ್ಯೋಗಿಗಳ ಗುರುತು ಪತ್ರ ನೋಡುವಷ್ಟೂ ವ್ಯವಧಾನ ಅವುಗಳಿಗಿರಲಿಲ್ಲ! ಅದಾಗಿ ಒಂದು ತಿಂಗಳಲ್ಲಿ, 2020ರ ಜನವರಿ 20ರಂದು ಬಜ್ಪೆಯ ವಿಮಾನ ನಿಲ್ದಾಣದಲ್ಲಿ ಬಾಂಬ್ ಇದ್ದ ಚೀಲ ಪತ್ತೆಯಾಯಿತು. ಎರಡು ದಿನ ಸ್ಟುಡಿಯೋಗಳಲ್ಲಿ ಭಯೋತ್ಪಾದನೆಯ ಜಾಡು ಹಿಡಿದು ಊಹಾಪೋಹಗಳ ಮೆರವಣಿಗೆ ಹೊರಟಿತು. ಜನವರಿ 22ರಂದು ಆದಿತ್ಯ ರಾವ್ ಎಂಬಾತ ಬೆಂಗಳೂರಿನಲ್ಲಿ ಪೊಲೀಸರಿಗೆ ಶರಣಾದ. ಆ ಕೂಡಲೇ ಭಯೋತ್ಪಾದನೆ ಎಂಬ ಪದವೇ ನಿಘಂಟಿನಿಂದ ಮಾಯವಾಗಿ, ಕೆಲಸ ಸಿಗದ ಹತಾಶೆ, ಮಾನಸಿಕ ಸ್ಥಿತಿ, ಒಂಟಿತನ ಇತ್ಯಾದಿ ಕರುಣಾಜನಕ ಪದಗಳು ಹೊರಬಂದವು. 2022ರಲ್ಲಿ ಮಂಗಳೂರಿನ ನ್ಯಾಯಾಲಯ ಆತನಿಗೆ 20 ವರ್ಷಗಳ ಕಠಿಣ ಸಜೆ ವಿಧಿಸಿತು. ಆತನ ಅಪರಾಧಕ್ಕೆ ಆತನ ಧರ್ಮದವರನ್ನು ಯಾರೂ ಹೊಣೆ ಮಾಡಲಿಲ್ಲ. ಮಾಡಬಾರದು ಕೂಡ. ಈ ವಿವೇಕ ಎಲ್ಲ ಹೆಸರಿನವರಿಗೂ ಸಮಾನವಾಗಿ ಸಿಗಲಿ ಎಂಬುದಷ್ಟೇ ನಮ್ಮ ಬೇಡಿಕೆ.

ಅಂಕಿ ಅಂಶಗಳ ಮೂಲಕ ನಡೆಯುವ ಕೈಚಳಕ ಇನ್ನೂ ಸೂಕ್ಷ್ಮವಾದುದು. 2024ರ ಮೇ ತಿಂಗಳಲ್ಲಿ, ಲೋಕಸಭಾ ಚುನಾವಣೆಯ ನಟ್ಟನಡುವೆ, ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿಯ ಜನಸಂಖ್ಯಾ ವರದಿಯೊಂದು ಹೊರಬಂತು. 1950ರಿಂದ 2015ರ ನಡುವೆ ದೇಶದ ಜನಸಂಖ್ಯೆಯಲ್ಲಿ ಮುಸ್ಲಿಮರ ಪಾಲು ಶೇ. 9.84ರಿಂದ ಶೇ. 14.09ಕ್ಕೆ ಏರಿತು, ಹಿಂದೂಗಳ ಪಾಲು ಶೇ. 84.68ರಿಂದ ಶೇ. 78.06ಕ್ಕೆ ಇಳಿಯಿತು ಎಂಬುದು ಅದರಲ್ಲಿದ್ದ ಅಂಕಿ. ಅರುವತ್ತೈದು ವರ್ಷಗಳಲ್ಲಿ ನೂರು ಜನರಿಗೆ ನಾಲ್ಕು ಜನರಷ್ಟು ಏರಿಕೆ. ಇದನ್ನು ಹೀಗೆಯೇ ಹೇಳಿದರೆ ಯಾರು ಬೆಚ್ಚಿಬೀಳುತ್ತಾರೆ? ಆದ್ದರಿಂದ ಪಾಲಿನ ಮೇಲೆ ಮತ್ತೊಮ್ಮೆ ಶೇಕಡಾವಾರು ಲೆಕ್ಕ ಹಾಕಿ ಮುಸ್ಲಿಮರು ಶೇ. 43ರಷ್ಟು ಹೆಚ್ಚಿದರು ಎಂದು ಕೂಗಲಾಯಿತು. ಪ್ರೌಢಶಾಲೆಯ ಗಣಿತದಲ್ಲಿ ತಪ್ಪಿಲ್ಲದ, ಆದರೆ ಪ್ರಾಮಾಣಿಕತೆಯಲ್ಲಿ ಸೊನ್ನೆ ಅಂಕ ಪಡೆಯಬೇಕಾದ ಲೆಕ್ಕವಿದು. ಮುಸ್ಲಿಮ್ ಮಹಿಳೆಯೊಬ್ಬಳಿಗೆ ಸರಾಸರಿ ಮಕ್ಕಳ ಸಂಖ್ಯೆ 1992-93ರಲ್ಲಿ 4.4 ಇದ್ದದ್ದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 2.36ಕ್ಕೆ ಇಳಿದಿದೆ, ಇದು ಹಿಂದೂ ಮಹಿಳೆಯರ 1.94ರ ಸರಾಸರಿಗೆ ಹತ್ತಿರವಾಗುತ್ತಿದೆ ಎಂಬ ಸರಕಾರದ್ದೇ ಅಂಕಿಗೆ ಪರದೆಯ ಮೇಲೆ ಜಾಗವಿರಲಿಲ್ಲ. ಕನ್ನಡದ ‘ಸುವರ್ಣ ನ್ಯೂಸ್’ನ ಕಾರ್ಯಕ್ರಮವೊಂದಂತೂ ಹಿಂದೂಗಳ ಸಂಖ್ಯೆಯನ್ನು ಭಾರತದ ಧ್ವಜದೊಂದಿಗೂ ಮುಸ್ಲಿಮರ ಸಂಖ್ಯೆಯನ್ನು ಪಾಕಿಸ್ತಾನದ ಧ್ವಜದೊಂದಿಗೂ ತೋರಿಸಿತು. ಆ ಕುರಿತು ಬೆಂಗಳೂರಿನಲ್ಲಿ ಪೊಲೀಸ್ ಪ್ರಕರಣ ದಾಖಲಾಯಿತು. ತಾತ ಮುತ್ತಾತಂದಿರ ಕಾಲದಿಂದ ನೇತ್ರಾವತಿಯ ದಂಡೆಯಲ್ಲಿ ಬಾಳಿ ಬಂದ ಬ್ಯಾರಿ ಕುಟುಂಬದ ಮಗು ಆ ಚಿತ್ರವನ್ನು ನೋಡಿ, ಇದು ಯಾರ ಧ್ವಜ ಎಂದು ಕೇಳಿದರೆ ತಾಯಿ ಏನು ಹೇಳಬೇಕು?

ಹಾಗಾದರೆ ನಿಯಂತ್ರಣ ಇಲ್ಲವೇ? ಇದೆ, ಹೆಸರಿಗೆ. 2008ರಲ್ಲಿ ನ್ಯಾಯಮೂರ್ತಿ ಜೆ.ಎಸ್. ವರ್ಮಾರ ಅಧ್ಯಕ್ಷತೆಯಲ್ಲಿ ಆರಂಭವಾದ ಎನ್‌ಬಿಎಸ್‌ಎ, 2021ರ ಬಳಿಕ ಎನ್‌ಬಿಡಿಎಸ್‌ಎ ಎಂಬ ಹೆಸರು ಪಡೆದಿದೆ. ಆದರೆ ಅದರ ಅಂಕೆಗೆ ಒಳಪಡುವುದು ಸಂಘದ ಸದಸ್ಯತ್ವ ಪಡೆದ ವಾಹಿನಿಗಳು ಮಾತ್ರ. 2009ರಲ್ಲಿ ದಂಡ ಬಿದ್ದೊಡನೆ ‘ಇಂಡಿಯಾ ಟಿ.ವಿ.’ ಸಂಘದಿಂದಲೇ ಹೊರನಡೆದು, ಆಮೇಲೆ ಮರಳಿ ಬಂತು. ಆಟದಲ್ಲಿ ಔಟಾದ ಹುಡುಗ ಬ್ಯಾಟು ಎತ್ತಿಕೊಂಡು ಮನೆಗೆ ಹೋದಂತೆ. ದಂಡದ ಮೇಲ್ಮಿತಿಯಾದ 1 ಲಕ್ಷ ರೂಪಾಯಿ 2008ರಲ್ಲಿ ನಿಗದಿಯಾದುದು, ಇದರಿಂದ ಯಾವ ವಾಹಿನಿಗೂ ಬಿಸಿ ಮುಟ್ಟದು, ಆ ಕಾರ್ಯಕ್ರಮದಿಂದ ಗಳಿಸಿದ ಲಾಭಕ್ಕೆ ತಕ್ಕಂತೆ ದಂಡವಿರಬೇಕು ಎಂಬರ್ಥದ ಮಾತನ್ನು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರೇ ಆಡಿದರು. ಪ್ರಧಾನ ಸಮಯದ ಕೆಲವೇ ಜಾಹೀರಾತುಗಳಲ್ಲಿ ಹಿಂದಿರುಗುವ ಮೊತ್ತವಿದು. ಇದನ್ನು ದಂಡ ಎನ್ನುವುದಕ್ಕಿಂತ ದ್ವೇಷ ಪ್ರಸಾರದ ಪರವಾನಿಗೆ ಶುಲ್ಕ ಎನ್ನುವುದೇ ಸೂಕ್ತ.

ಬ್ರಿಟನ್ನಿನ ಉದಾಹರಣೆಯೊಂದನ್ನು ಇಲ್ಲಿ ಹೇಳಲೇಬೇಕು. 2019ರ ಸೆಪ್ಟೆಂಬರ್ 6ರಂದು ‘ರಿಪಬ್ಲಿಕ್ ಭಾರತ್’ನ ‘ಪೂಛ್ತಾ ಹೈ ಭಾರತ್’ ಕಾರ್ಯಕ್ರಮ ಅಲ್ಲಿಯೂ ಪ್ರಸಾರವಾಗಿತ್ತು. ಅದರಲ್ಲಿ ಪಾಕಿಸ್ತಾನದ ಜನರನ್ನು ಇಡಿಯಾಗಿ ಹೀನಾಯಗೊಳಿಸಲಾಗಿತ್ತೆಂಬ ಕಾರಣಕ್ಕೆ ಅಲ್ಲಿನ ಶಾಸನಬದ್ಧ ನಿಯಂತ್ರಕ ಸಂಸ್ಥೆ ‘ಆಫ್‌ಕಾಮ್’ 2020ರ ಡಿಸೆಂಬರ್‌ನಲ್ಲಿ ಅದರ ಪರವಾನಿಗೆದಾರ ಸಂಸ್ಥೆಗೆ 20,000 ಪೌಂಡ್, ಅಂದರೆ ಆಗಿನ ದರದಲ್ಲಿ ಸುಮಾರು 20 ಲಕ್ಷ ರೂಪಾಯಿ ದಂಡ ವಿಧಿಸಿತು. ಹಾಗೆಂದು ನಿಯಂತ್ರಣವನ್ನೆಲ್ಲ ಸರಕಾರದ ಕೈಗೊಪ್ಪಿಸಿ ಎಂದು ನಾವು ಹೇಳುತ್ತಿಲ್ಲ. ನಮ್ಮ ಸರಕಾರದ ಕೈಗೆ ಬೆತ್ತ ಕೊಟ್ಟರೆ ಅದು ಯಾರ ಬೆನ್ನಿನ ಮೇಲೆ ಬೀಳುತ್ತದೆಂಬುದನ್ನು ‘ಮೀಡಿಯಾ ಒನ್’ ಪ್ರಕರಣದಲ್ಲಿ ನೋಡಿದ್ದೇವೆ. ದಿಲ್ಲಿ ಗಲಭೆಯ ವರದಿಗಾಗಿ 2020ರ ಮಾರ್ಚ್‌ನಲ್ಲಿ ಆ ಮಲಯಾಳಂ ವಾಹಿನಿಯ ಪ್ರಸಾರಕ್ಕೆ 48 ಗಂಟೆಗಳ ತಡೆ ಹಾಕಲಾಯಿತು. 2022ರ ಜನವರಿಯಲ್ಲಿ ಅದನ್ನು ಮುಚ್ಚಿಸಲಾಯಿತು. ಕಾರಣವೇನೆಂದು ಕೇಳಿದರೆ ಮುಚ್ಚಿದ ಲಕೋಟೆ. 2023ರ ಎಪ್ರಿಲ್ 5ರಂದು ಸುಪ್ರೀಂ ಕೋರ್ಟ್ ಆ ನಿಷೇಧವನ್ನು ತೆಗೆದುಹಾಕಿತು. ಸರಕಾರದಿಂದಲೂ ವಾಹಿನಿಗಳ ಮಾಲಕರಿಂದಲೂ ದೂರವಿರುವ, ಕಾನೂನಿನ ಬಲವಿರುವ, ವೀಕ್ಷಕರಿಗೂ ಸ್ಥಾನವಿರುವ ಸಂಸ್ಥೆಯೊಂದು ಬೇಕು. ಅದಿಲ್ಲದಿರುವಾಗ ಇದ್ದದ್ದನ್ನು ಬಳಸದೆ ಗತಿಯಿಲ್ಲ.

ಇಷ್ಟು ಹೇಳಿ ಲೇಖನಿ ಕೆಳಗಿಟ್ಟರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಆ ನ್ಯಾಯಾಲಯಕ್ಕೆ ಪ್ರತಿ ರಾತ್ರಿ ಆರೋಪಿಯನ್ನು ಒದಗಿಸುವವರು ಯಾರು? ಉದ್ದನೆಯ ಗಡ್ಡ, ಟೊಪ್ಪಿ, ಹೆಗಲಿಗೊಂದು ಶಾಲು ತೊಟ್ಟು ಸ್ಟುಡಿಯೋದಲ್ಲಿ ಕೂರುವ ನಮ್ಮವರೇ ತಾನೇ? ಫಿಕ್ಹ್‌ನ ಒಂದು ಗ್ರಂಥವನ್ನೂ ಪೂರ್ಣವಾಗಿ ಓದದ, ಯಾವ ಸಂಘಟನೆಯೂ ಪ್ರತಿನಿಧಿಯೆಂದು ಕಳುಹಿಸದ ಇವರನ್ನು ‘ಧರ್ಮಗುರು’ ಎಂದು ಪರಿಚಯಿಸಲಾಗುತ್ತದೆ. ಅವರು ಕೋಪಗೊಳ್ಳಬೇಕು ಎಂಬ ಕಾರಣಕ್ಕಾಗಿಯೇ ಅವರನ್ನು ಕರೆಯಲಾಗುತ್ತದೆ. ಅವರು ಆ ನಿರೀಕ್ಷೆಯನ್ನು ಒಂದು ದಿನವೂ ಹುಸಿಗೊಳಿಸಿದ್ದಿಲ್ಲ. 2022ರ ಮೇ ತಿಂಗಳಲ್ಲಿ ‘ಟೈಮ್ಸ್ ನೌ’ನ ಚರ್ಚೆಯೊಂದರಲ್ಲಿ ಪ್ರವಾದಿ(ಸ)ಯವರ ನಿಂದನೆ ನಡೆದ ಬಳಿಕ, ಜೂನ್‌ನಲ್ಲಿ ಅಖಿಲ ಭಾರತ ಮುಸ್ಲಿಮ್ ಪರ್ಸನಲ್ ಲಾ ಬೋರ್ಡ್, ಇಸ್ಲಾಮನ್ನು ಅಪಹಾಸ್ಯ ಮಾಡುವುದೇ ಗುರಿಯಾಗಿರುವ ಇಂತಹ ಚರ್ಚೆಗಳಲ್ಲಿ ಭಾಗವಹಿಸಬಾರದೆಂದು ವಿದ್ವಾಂಸರಲ್ಲಿ ವಿನಂತಿಸಿತು. ನಿಜವಾದ ವಿದ್ವಾಂಸರು ಮೊದಲೂ ಅಲ್ಲಿಗೆ ಹೋಗುತ್ತಿರಲಿಲ್ಲ. ಹೋಗುತ್ತಿದ್ದವರು ವಿನಂತಿಯ ಬಳಿಕವೂ ಹೋದರು. 2023ರ ಸೆಪ್ಟೆಂಬರ್ 14ರಂದು ವಿರೋಧ ಪಕ್ಷಗಳ ಇಂಡಿಯಾ ಒಕ್ಕೂಟ ಚೌಧರಿಯವರೂ ಸೇರಿದಂತೆ 14 ನಿರೂಪಕರನ್ನು ಬಹಿಷ್ಕರಿಸಿತು. ವಕ್ತಾರನೊಬ್ಬನ ಕುರ್ಚಿ ಖಾಲಿಯಾಯಿತೇ ಹೊರತು ವೀಕ್ಷಕನ ಕುರ್ಚಿ ಖಾಲಿಯಾಗಲಿಲ್ಲ.

ಮದ್ರಸಗಳಲ್ಲಿ ಹದೀಸ್ ಕಲಿತವರಿಗೆ ‘ಸನದ್’ ಎಂದರೇನೆಂದು ಗೊತ್ತು. ಈ ಮಾತನ್ನು ಯಾರು ಯಾರಿಂದ ಕೇಳಿದರು, ಆ ಇಬ್ಬರೂ ಒಂದೇ ಕಾಲದಲ್ಲಿ ಬದುಕಿದ್ದರೇ, ಭೇಟಿಯಾಗಿದ್ದರೇ, ಅವರ ನೆನಪಿನ ಶಕ್ತಿ ಹೇಗಿತ್ತು, ವ್ಯವಹಾರದಲ್ಲಿ ಸುಳ್ಳು ಹೇಳಿದ್ದುಂಟೇ ಎಂದು ಒಬ್ಬೊಬ್ಬ ವರದಿಗಾರನನ್ನೂ ಜರಡಿ ಹಿಡಿಯುವ ಶಾಸ್ತ್ರವನ್ನೇ ನಮ್ಮ ಪೂರ್ವಿಕ ವಿದ್ವಾಂಸರು ಕಟ್ಟಿದರು. ‘ಮೂಲಗಳ ಪ್ರಕಾರ’ ಎಂಬ ಎರಡು ಪದಗಳ ಮೇಲೆ ಒಂದು ಗಂಟೆಯ ಕಾರ್ಯಕ್ರಮ ನಿಲ್ಲಿಸುವವರು ಇಮಾಮ್ ಬುಖಾರಿಯವರ ಮುಂದೆ ಕ್ಷಣಕಾಲವೂ ನಿಲ್ಲಲಾರರು. ಆದರೆ ಅದೇ ಶಾಸ್ತ್ರ ಓದಿದವರ ಮೊಬೈಲ್‌ಗಳಿಂದ, ಎಲ್ಲೋ ಬೇರೆ ದೇಶದ, ಎಂದೋ ಹಳೆಯ ಘಟನೆಯ ವೀಡಿಯೋಗಳು ನಿನ್ನೆಯ ನಮ್ಮೂರಿನದೆಂಬ ಒಕ್ಕಣೆಯೊಂದಿಗೆ ಹಂಚಿಕೆಯಾಗುತ್ತವೆ. ತಂದ ಸುದ್ದಿಯನ್ನು ಪರಿಶೀಲಿಸದೆ ಒಂದು ಜನಸಮೂಹಕ್ಕೆ ಹಾನಿ ಮಾಡಬಾರದೆಂಬ ಸೂರಃ ಅಲ್ ಹುಜುರಾತ್‌ನ ಆದೇಶ ಟಿ.ವಿ. ನಿರೂಪಕನಿಗಿಂತ ಮೊದಲು ನಮ್ಮನ್ನು ಕಟ್ಟಿಹಾಕುತ್ತದೆ.

ಮತ್ತೊಂದು ಮಾತು. ನಮ್ಮ ಶ್ರೀಮಂತರು ಸಭಾಭವನ ಕಟ್ಟುತ್ತಾರೆ, ಮಸೀದಿಗೆ ಅಮೃತಶಿಲೆ ಹಾಸುತ್ತಾರೆ. 2003ರಲ್ಲಿ ಇದೇ ಮಂಗಳೂರಿನಿಂದ ‘ವಾರ್ತಾಭಾರತಿ’ ದೈನಿಕ ಆರಂಭವಾದದ್ದು ಬೇರೊಂದು ದಾರಿಯೂ ಇದೆಯೆಂದು ತೋರಿಸಿತು. ಆದರೆ ಮಗಳು ಪತ್ರಿಕೋದ್ಯಮ ಓದುತ್ತೇನೆಂದರೆ ಇಂದಿಗೂ ಎಷ್ಟು ತಂದೆಯಂದಿರು ಒಪ್ಪುತ್ತಾರೆ? ಇಂಜಿನಿಯರಿಂಗ್ ಸೀಟಿಗೆ ಜಮೀನು ಮಾರುವ ಸಮುದಾಯ ಸುದ್ದಿಮನೆಗೆ ಒಬ್ಬರನ್ನೂ ಕಳುಹಿಸದೆ, ಸುದ್ದಿಮನೆಯಲ್ಲಿ ನಮ್ಮ ಮಾತು ಹೇಳುವವರಿಲ್ಲ ಎಂದು ಕೊರಗುತ್ತದೆ.

2021ರ ಆ ಆದೇಶ ತಾನಾಗಿ ಬಂದದ್ದಲ್ಲ. ಬೆಂಗಳೂರಿನ ‘ಕ್ಯಾಂಪೇನ್ ಅಗೇನ್ಸ್ಟ್ ಹೇಟ್ ಸ್ಪೀಚ್’ ಎಂಬ ಬಳಗದ ಕೆಲವೇ ಮಂದಿ ಆ ಕಾರ್ಯಕ್ರಮಗಳನ್ನು ನೋಡಿ, ಕಾನೂನಿನ ಭಾಷೆಯಲ್ಲಿ ದೂರು ಬರೆದು, ಅದರ ಬೆನ್ನು ಬಿಡದೆ ಹಿಡಿದದ್ದರಿಂದ ಅದು ಬಂತು. 2022ರ ಅಕ್ಟೋಬರ್‌ನಲ್ಲಿ, ನಮ್ಮ ರಾಜ್ಯದ ಹಿಜಾಬ್ ವಿವಾದವನ್ನು ಅಲ್ ಖಾಯಿದಾದ ಝವಾಹಿರಿಗೆ ಗಂಟು ಹಾಕಿ ‘ನ್ಯೂಸ್ 18 ಇಂಡಿಯಾ’ ನಡೆಸಿದ ಚರ್ಚೆಗೆ 50 ಸಾವಿರ ರೂಪಾಯಿ ದಂಡ ಬಿದ್ದದ್ದು, ಹೊರರಾಜ್ಯದ ಮುಸ್ಲಿಮೇತರ ನಾಗರಿಕರೊಬ್ಬರು ನೀಡಿದ ದೂರಿನಿಂದ. ಉಡುಪಿಯಲ್ಲಿ ಕಾಲೇಜಿನ ಗೇಟಿನ ಹೊರಗೆ ನಿಂತವರು ನಮ್ಮ ಹೆಣ್ಣುಮಕ್ಕಳು. ದೂರು ಬರೆದವರು ಮಾತ್ರ ಬೇರೆಯವರು. ಅವರಿಗೆ ನಾವು ಕೃತಜ್ಞರು. ಆದರೆ ನಮ್ಮ ಜಿಲ್ಲೆಯ ನೂರಾರು ಜಮಾಅತ್‌ಗಳ, ಡಜನ್‌ಗಟ್ಟಲೆ ಸಂಘಟನೆಗಳ, ವಕೀಲರ ಕೋಪವೆಲ್ಲ ಎಲ್ಲಿಗೆ ಹೋಯಿತು?

ದೂರು ನೀಡುವ ಕ್ರಮ ಕಷ್ಟದ್ದೇನಲ್ಲ. ಕಾರ್ಯಕ್ರಮ ಮೊದಲು ಪ್ರಸಾರವಾದ ಏಳು ದಿನಗಳೊಳಗೆ ವಾಹಿನಿಗೇ ಲಿಖಿತ ದೂರು ಕಳುಹಿಸಬೇಕು. ದಿನಾಂಕ, ಗಂಟೆ, ಕಾರ್ಯಕ್ರಮದ ಹೆಸರು, ಆಕ್ಷೇಪಾರ್ಹ ಮಾತುಗಳು ಯಾವ ನಿಮಿಷದಲ್ಲಿ ಬಂದವು ಎಂಬುದು ಅದರಲ್ಲಿರಬೇಕು. ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ನೀಡದಿದ್ದರೆ ಹದಿನಾಲ್ಕು ದಿನಗಳೊಳಗೆ ಎನ್‌ಬಿಡಿಎಸ್‌ಎಗೆ. 2021ರ ಕೇಬಲ್ ಟೆಲಿವಿಷನ್ ತಿದ್ದುಪಡಿ ನಿಯಮಗಳ ಪ್ರಕಾರ ವಾಹಿನಿಯು ದೂರು ತಲುಪಿದ 24 ಗಂಟೆಗಳಲ್ಲಿ ಸ್ವೀಕೃತಿ ನೀಡಬೇಕು, 15 ದಿನಗಳಲ್ಲಿ ಇತ್ಯರ್ಥಪಡಿಸಬೇಕು. ಕನ್ನಡ ಕಾರ್ಯಕ್ರಮವಾದರೆ ಆಡಿದ ಮಾತುಗಳನ್ನು ಯಥಾವತ್ತಾಗಿ ಬರೆದು ಇಂಗ್ಲಿಷಿಗೆ ಅನುವಾದಿಸಿ ಜೊತೆಗಿಡುವುದು ಒಳ್ಳೆಯದು, ಏಕೆಂದರೆ ದಿಲ್ಲಿಯಲ್ಲಿ ಕುಳಿತು ವಿಚಾರಣೆ ನಡೆಸುವವರಿಗೆ ಕನ್ನಡದ ವ್ಯಂಗ್ಯ ಅರ್ಥವಾಗದು. ಇದಕ್ಕೆ ಬೇಕಾದುದು ಒಂದು ಕಂಪ್ಯೂಟರ್, ರೆಕಾರ್ಡ್ ಮಾಡಿಟ್ಟ ಪ್ರತಿ, ಕಾನೂನು ಓದಿದ ಒಬ್ಬರು, ಇಂಗ್ಲಿಷ್ ಬಲ್ಲ ಇಬ್ಬರು ಕಾಲೇಜು ವಿದ್ಯಾರ್ಥಿಗಳು. ಮಂಗಳೂರಿನ ಯಾವ ದೊಡ್ಡ ಮಸೀದಿಯ ಆಡಳಿತ ಸಮಿತಿಗೂ ತನ್ನ ಕಟ್ಟಡದಲ್ಲಿ ಇಂತಹ ಒಂದು ಕೊಠಡಿ ಬಿಟ್ಟುಕೊಡುವುದು ಭಾರವಾಗದು. ಮುಂದಿನ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸುವಂತೆ ಓದುಗರು ತಂತಮ್ಮ ಜಮಾಅತ್‌ನ ಕಾರ್ಯದರ್ಶಿಗೆ ಈ ಶುಕ್ರವಾರವೇ ಒಂದು ಪತ್ರ ಬರೆದು ಕೊಡಬಹುದು.